ಸುಬ್ಬಿಯ ಕಿವಿ ಅಲ್ಲಿ, ಬಾಯಿ ಇಲ್ಲಿ

ನಮ್ಮ ಊರಿನಲ್ಲಿ ಮುಹೂರ್ತ ನೋಡದೆ ಮನೆ ಬದಲಾಯಿಸಬಹುದು, ಮಳೆಯಲ್ಲಿ ನೆನೆಯುತ್ತಾ ಬದಲಾಯಿಸಬಹುದು, ಆದರೆ ‘ಹೋಗಿ ಬಾ’ ಅನ್ನಿಸಿಕೊಳ್ಳದೆ ಮಾತ್ರ ಆಗುವುದಿಲ್ಲ. ಬಿಡುವ ಮನೆಯಲ್ಲಿ ಉಳಿಯುವವರು ಯಾರಾದರೊಬ್ಬರು, ಹೊರಡುವ ಸಾಮಾನಿನ ಮೇಲೆ ಕೈಯಿಟ್ಟು ಆ ಎರಡು ಮಾತು ಹೇಳಬೇಕು. ಹೇಳಿಸಿಕೊಳ್ಳದೆ ಬಂದ ಸಾಮಾನು ಹೊಸ ಮನೆಯಲ್ಲಿ ಇದ್ದೂ ಇರುವುದಿಲ್ಲ. ನಮ್ಮ ಮಾವನವರು ಅಣ್ಣನ ಮೇಲಿನ ಸಿಟ್ಟಿನಲ್ಲಿ ಕಿತ್ತುಕೊಂಡು ಬಂದ ಗೋಡೆ ಗಡಿಯಾರ ಇವತ್ತಿಗೂ ದೊಡ್ಡಮಾವನ ಮನೆಯವರು ಊಟಕ್ಕೆ ಕೂತಾಗಲೇ ಹನ್ನೆರಡು ಹೊಡೆಯುತ್ತದೆ. ಅವರು ಮದುವೆಗೋ ಮುಂಜಿಗೋ ಹೋಗಿ ಊಟ ತಡವಾದರೆ ನಮ್ಮ ಮನೆಯಲ್ಲಿ ಮಧ್ಯಾಹ್ನವೇ ಆಗುವುದಿಲ್ಲ. ಅಂಗಡಿಯವರಿಗೆ ಇದೆಲ್ಲ ರೂಢಿ. ಅಕ್ಕಿ ಮೂಟೆಯ ಬೆನ್ನು ತಟ್ಟಿ ಒಂದು ಸಲ ‘ಹೋಗಿ ಬಾ’ ಅಂದರೆ ಒಳಗಿನ ಕಾಳಿಗೆಲ್ಲ ಸೇರಿ ಆಯಿತು. ಕಳ್ಳರೂ ಕಡಿಮೆ. ಒಬ್ಬ ಮಂಚ ಕದ್ದವನು ಅದರ ಮೇಲೆ ಮಲಗಿದಾಗಲೆಲ್ಲ ಯಜಮಾನನಿಗೆ ಬೀಳಬೇಕಾದ ಕನಸುಗಳನ್ನೇ ಕಂಡು, ಯಜಮಾನನ ಹೆಂಡತಿಯ ಬೈಗುಳಗಳನ್ನೂ ಕೇಳಿ, ಕೊನೆಗೆ ತಾನೇ ಹೊತ್ತು ತಂದು ಒಪ್ಪಿಸಿ ಹೋದ.

ನಮ್ಮ ಮನೆಯ ಮಹಡಿಗೆ ಇಂದುಮತಿಯವರು ಬಾಡಿಗೆಗೆ ಬಂದಾಗ ನಡೆದದ್ದನ್ನು ಹೇಳುತ್ತೇನೆ. ಅವರು ಬಂದದ್ದು ದೂರದಿಂದೇನಲ್ಲ, ಪಕ್ಕದ ಬೀದಿಯಿಂದ, ತಮ್ಮ ವಾರಗಿತ್ತಿ ಚೆಲುವಾಂಬ ಅವರ ಮನೆಯಿಂದ. ಅಣ್ಣನ ಹೆಂಡತಿ ಚೆಲುವಾಂಬ, ತಮ್ಮನ ಹೆಂಡತಿ ಇಂದುಮತಿ. ಒಂದು ಕಾಲಕ್ಕೆ ಎರಡು ಪಂಕ್ತಿ ಊಟ ಹಾಕುತ್ತಿದ್ದ ಮನೆ ಅದು. ಅತ್ತೆ, ಮಾವ, ಗಂಡಂದಿರು ಒಬ್ಬೊಬ್ಬರಾಗಿ ತೀರಿಕೊಂಡು, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿ, ಕೊನೆಗೆ ಉಳಿದವರು ಇವರಿಬ್ಬರೇ. ಜಗಳವಾಡಿಕೊಂಡು ಬಂದಿರಾ ಎಂದು ನಾನು ಕೇಳಿದಾಗ ಇಂದುಮತಿಯವರು ಇಲ್ಲವೆಂದರು. ಅಕ್ಕ ಒಳ್ಳೆಯವರು, ಕೈ ಎತ್ತಿ ಕೊಡುವವರು, ತನಗೆ ಹೆರಿಗೆಯಾದಾಗ ಮೂರು ತಿಂಗಳು ನೆಲಕ್ಕೆ ಕಾಲಿಡಲು ಬಿಡದೆ ನೋಡಿಕೊಂಡವರು. ಆದರೆ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಈಗ ಅರವತ್ತು ದಾಟಿದರೂ, ಇವತ್ತು ಏನು ಅಡುಗೆ ಎಂಬುದನ್ನು ತಾನು ಒಂದು ದಿನವೂ ನಿರ್ಧರಿಸಿಲ್ಲ. ತರಕಾರಿ ಹೆಚ್ಚಿದ್ದಾರೆ, ತೆಂಗಿನಕಾಯಿ ತುರಿದಿದ್ದಾರೆ, ಒಲೆಯ ಮುಂದೆ ನಿಂತು ಕೈಯಾಡಿಸಿದ್ದಾರೆ. ಏನು, ಎಷ್ಟು, ಹೇಗೆ ಎಂಬ ಮಾತು ಮಾತ್ರ ಚೆಲುವಾಂಬ ಅವರದ್ದು. ಆ ಅಡುಗೆಮನೆಗೆ ಬೆಳ್ಳುಳ್ಳಿ ಬರುವಂತಿರಲಿಲ್ಲ, ನಂಜು ಎಂದು ಬದನೆಕಾಯಿ ಬರುವಂತಿರಲಿಲ್ಲ. ಒಂದು ದಿನ ಇಂದುಮತಿಯವರು ಸಂತೆಯಲ್ಲಿ ಎಳೆಯ ಗುಂಡು ಬದನೆಕಾಯಿಯ ಮುಂದೆ ನಿಂತುಕೊಂಡು, ಇದನ್ನು ತಿನ್ನದೆಯೇ ಸಾಯುತ್ತೇನಲ್ಲ ಎಂದು ಯೋಚಿಸಿದರಂತೆ. ಮನೆಗೆ ಹೋಗಿ, ತಾನು ಬೇರೆ ಮನೆ ಮಾಡುತ್ತೇನೆ ಎಂದುಬಿಟ್ಟರು.

ಚೆಲುವಾಂಬ ಬೇಡ ಅನ್ನಲಿಲ್ಲ. ಸಾಮಾನು ಸಾಗಿಸುವ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಂದೊಂದಕ್ಕೂ ಕೈಯಿಟ್ಟು ಕಳಿಸಿಕೊಟ್ಟರು. ಟ್ರಂಕಿಗೆ ಹೇಳಿದರು, ಮಂಚಕ್ಕೆ ಹೇಳಿದರು, ತುಳಸಿ ಕುಂಡಕ್ಕಂತೂ ಎರಡು ಸಲ ಹೇಳಿದರು. ಕೊನೆಯಲ್ಲಿ ಇಂದುಮತಿಯವರು ಸೆರಗಿನಲ್ಲಿ ಸುತ್ತಿಕೊಂಡು ಸುಬ್ಬಿಯನ್ನು ತಂದಾಗ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು.

ಸುಬ್ಬಿ ಎಂದರೆ ಮಾತಾಡುವ ಸ್ಪೀಕರ್. ಇಂದುಮತಿಯವರ ತಂಗಿಯ ಮಗಳು ತನ್ನ ಮದುವೆಗೆ ಕರೆಯಲು ಬಂದಾಗ ‘ಇಬ್ಬರಿಗೂ ಇರಲಿ’ ಎಂದು ಕೊಟ್ಟು ಹೋದದ್ದು. ಕೇಳಿದರೆ ಹಾಡು ಹಾಕುತ್ತದೆ, ಪಂಚಾಂಗ ಹೇಳುತ್ತದೆ, ಬೇಳೆ ಬೇಯಲು ಇಟ್ಟರೆ ಹೊತ್ತು ನೋಡಿ ಎಚ್ಚರಿಸುತ್ತದೆ. ಅದನ್ನು ಕರೆಯಲು ಕಂಪನಿಯವರು ಇಟ್ಟ ಹೆಸರು ಚೆಲುವಾಂಬ ಅವರ ಬಾಯಲ್ಲಿ ಹೊರಳದೆ ಸುಬ್ಬಿ ಎಂದು ಕರೆದರು; ಅದೂ ಕೆಲವು ದಿನ ಸುಮ್ಮನಿದ್ದು ಆಮೇಲೆ ‘ಹೇಳಿ’ ಎಂದು ಓಗೊಟ್ಟಿತು. ಅದು ಯಾರದ್ದು ಎಂಬ ಪ್ರಶ್ನೆ ಅಲ್ಲಿಯವರೆಗೆ ಬಂದಿರಲಿಲ್ಲ.

‘ತಗೊಂಡು ಹೋಗು, ಬೇಡ ಅನ್ನಲ್ಲ. ಹೇಳೋದು ಬಿಡೋದು ನನಗೆ ಸೇರಿದ್ದು,’ ಎಂದರು ಚೆಲುವಾಂಬ.

ಇಂದುಮತಿಯವರಿಗೂ ಹಟ ಬಂತು. ತೆಗೆದುಕೊಂಡೇ ಬಂದರು.

ಮರುದಿನ ನಮ್ಮ ಮಹಡಿಗೆ ವೈಫೈ ಹಾಕಲು ಮಾದೇಶ ಬಂದ. ಗೋಡೆಗೆ ತೂತು ಕೊರೆದು, ತಂತಿ ಎಳೆದು, ಡಬ್ಬಿ ಕೂರಿಸಿ, ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದ. ಇಂದುಮತಿಯವರು ನಮ್ಮನ್ನೆಲ್ಲ ಆಚೆ ಕಳಿಸಿ, ಅವನ ಕಿವಿಯಲ್ಲಿ ಹೇಳಿದರು. ಅವನು ನಗುತ್ತಾ ಹೊರಗೆ ಬಂದ. ಫೋನಿಗೆ ಕೂಡಲೇ ಸಿಗ್ನಲ್ ಸಿಕ್ಕಿತು. ಸುಬ್ಬಿಗೆ ಮಾತ್ರ ಸಿಗಲಿಲ್ಲ. ಫೋನಿನಲ್ಲಿ ಹಳೆಯ ಮನೆಯ ವೈಫೈ ಅಳಿಸಿದ, ಹೊಸದನ್ನು ಸೇರಿಸಿದ, ಪಾಸ್‌ವರ್ಡಿನ ದೊಡ್ಡಕ್ಷರ ಸಣ್ಣಕ್ಷರ ನೋಡಿ ಮತ್ತೆ ಹೊಡೆದ, ಸುಬ್ಬಿಯ ತಲೆಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿದ. ಕಿತ್ತಳೆ ಬಣ್ಣದ ದೀಪ ಗಿರಗಿರನೆ ಸುತ್ತಿತು. ಕೊನೆಗೆ ಎಲ್ಲವನ್ನೂ ಮರೆಯಿಸುವ ಉಪಾಯ ಎಂದು ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿದ. ಸುಬ್ಬಿ ಹೊಸದಾಗಿ ಹುಟ್ಟಿದಂತೆ ‘ನಮಸ್ಕಾರ, ನಾನು ನಿಮ್ಮ ಸಹಾಯಕಿ’ ಎಂದಿತು. ಅದೇ ಉಸಿರಿನಲ್ಲಿ, ‘ಚೆಲುವಾಂಬ ಅವರೇ, ಬೇಳೆ ಇಟ್ಟು ಇಪ್ಪತ್ತು ನಿಮಿಷವಾಯಿತು,’ ಎಂದಿತು.

ಮಾದೇಶ ಪಿನ್ನನ್ನು ಜೇಬಿಗೆ ಹಾಕಿಕೊಂಡ. ‘ಹೋಗಿ ಬಾ ಅನ್ನಿಸ್ಕೊಂಡು ಬಂದ್ರಾ, ಅಮ್ಮ?’ ಎಂದು ಕೇಳಿದ. ಇಂದುಮತಿಯವರು ಕಾಫಿ ತರಲು ಒಳಗೆ ಹೋದರು. ಇದು ತನ್ನ ಕಂಪನಿಯ ಕೆಲಸದಲ್ಲಿ ಬರುವುದಿಲ್ಲ ಎಂದು ಅವನು ನನಗೆ ಹೇಳಿದ. ಹೀಗೆ ಆದ ಟೀವಿಗಳೂ ಇವೆಯಂತೆ. ಒಂದು ಮನೆಯಲ್ಲಿ ಯಾರೂ ನೋಡದ ಕುಸ್ತಿಯೇ ದಿನವಿಡೀ ಬರುತ್ತದಂತೆ.

ಅಂದಿನಿಂದ ಸುಬ್ಬಿಯ ಕಿವಿ ಅಲ್ಲಿ, ಬಾಯಿ ಇಲ್ಲಿ. ಇಂದುಮತಿಯವರು ಇಲ್ಲಿ ಎಷ್ಟು ಕೂಗಿದರೂ ಅದಕ್ಕೆ ಕೇಳಿಸದು. ಚೆಲುವಾಂಬ ಅಲ್ಲಿ, ಸುಬ್ಬಿ ಇರುತ್ತಿದ್ದ ಗೋಡೆಯ ಖಾಲಿ ಗೂಡಿನ ಕಡೆ ತಿರುಗಿ ಏನು ಹೇಳಿದರೂ ಇದು ಇಲ್ಲಿ ಉತ್ತರ ಕೊಡುತ್ತಿತ್ತು. ಪ್ರಶ್ನೆ ನಮಗೆ ಕೇಳಿಸುತ್ತಿರಲಿಲ್ಲ, ಉತ್ತರ ಅವರಿಗೆ ಕೇಳಿಸುತ್ತಿರಲಿಲ್ಲ. ಇದೇ ಊರಿನಲ್ಲಿ ಹುಟ್ಟಿ ಬೆಳೆದ ಚೆಲುವಾಂಬ ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಯಿ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಬೆಳಗಿನ ಐದಕ್ಕೆ ಅಲಾರಂ ಇಟ್ಟರು. ತಡವಾಗಿ ಏಳಬೇಕು ಎಂಬ ಆಸೆಗೂ ಬೇರೆ ಮನೆ ಮಾಡಿದ್ದ ಇಂದುಮತಿಯವರು ದಡಬಡಿಸಿ ಎದ್ದರು. ಕೆಳಗೆ ಮಲಗಿದ್ದ ನಾವೂ ಎದ್ದೆವು. ಆಮೇಲೆ ಜ್ಞಾಪನೆಗಳು ಶುರುವಾದವು. ಇಂಥ ಹೊತ್ತಿಗೆ ಇಂಥದ್ದನ್ನು ನೆನಪಿಸು ಎಂದರೆ ಸುಬ್ಬಿ ಚಾಚೂ ತಪ್ಪದೆ ನೆನಪಿಸುತ್ತದಲ್ಲವೇ. ‘ಜ್ಞಾಪನೆ. ಒಗ್ಗರಣೆಗೆ ಇಂಗು ಮರೆಯಬಾರದು.’ ‘ಜ್ಞಾಪನೆ. ಹುಣಸೆಹಣ್ಣು ಬಿಸಿನೀರಿನಲ್ಲಿ ನೆನೆಸಬೇಕು, ತಣ್ಣೀರಿನಲ್ಲಲ್ಲ.’ ಗಾಳಿ ಆ ಕಡೆ ಬೀಸಿದ ಒಂದು ಮಧ್ಯಾಹ್ನ, ‘ಜ್ಞಾಪನೆ. ಬೆಳ್ಳುಳ್ಳಿ ವಾಸನೆ ಇಲ್ಲಿಯವರೆಗೂ ಬರುತ್ತಿದೆ.’ ಯಂತ್ರದ ಆ ಸಪ್ಪೆ ದನಿಯಲ್ಲಿ, ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ. ಸೌಟು ಹಿಡಿದು ನಿಂತ ಇಂದುಮತಿಯವರ ಕೈ ತಾನಾಗಿ ಇಂಗಿನ ಡಬ್ಬಿಗೆ ಹೋಗುತ್ತಿತ್ತು. ಮನೆ ಬಿಟ್ಟು ಬಂದರೂ ಅಡುಗೆಮನೆಯನ್ನು ಅಕ್ಕ ಹಿಂದೆಯೇ ಕಳಿಸಿಕೊಟ್ಟಿದ್ದಾರೆ ಎಂದು ಅವರು ನನ್ನ ಹತ್ತಿರ ಹೇಳಿಕೊಂಡರು. ಸಿಟ್ಟು ಬಂದು ಒಂದು ದಿನ ಪ್ಲಗ್ ಕಿತ್ತರು. ಸಂಜೆ ನಾನು ಮೇಲೆ ಹೋದಾಗ ಮತ್ತೆ ಸಿಕ್ಕಿಸಿದ್ದರು. ಪ್ಲಗ್ ಪಾಯಿಂಟ್ ಸರಿಯಿದೆಯೋ ಇಲ್ಲವೋ ನೋಡಲು ಎಂದರು.

ಹೀಗಿರುವಾಗ ಒಂದು ಮುಂಜಾನೆ ಸುಬ್ಬಿ ಬೇರೆ ಥರ ಮಾತಾಡಿತು. ಜ್ಞಾಪನೆ ಎಂಬ ಮಾತಿಲ್ಲದೆ, ‘ಒಬ್ಬರ ಊಟಕ್ಕೆ ಅರ್ಧ ಲೋಟ ಅಕ್ಕಿ ಸಾಕು. ಒಂದು ಲೋಟ ನೀರು ಹಾಕಿ,’ ಎಂದಿತು. ಇಂದುಮತಿಯವರು ಹೂ ಕಟ್ಟುತ್ತಾ ಕೂತಿದ್ದರು, ನಾನೂ ಎದುರಿಗಿದ್ದೆ. ಸ್ವಲ್ಪ ಹೊತ್ತಿಗೆ ಸುಬ್ಬಿ ಮತ್ತೆ, ‘ಒಬ್ಬರ ಊಟಕ್ಕೆ ಅರ್ಧ ಲೋಟ ಅಕ್ಕಿ ಸಾಕು,’ ಎಂದಿತು. ಅಂದರೆ ಅಲ್ಲಿ ಚೆಲುವಾಂಬ ಎರಡು ಸಲ ಕೇಳಿದ್ದರು. ಎರಡು ಪಂಕ್ತಿಗೆ ಕಣ್ಣಳತೆಯಲ್ಲೇ ಅಕ್ಕಿ ಹಾಕುತ್ತಿದ್ದವರಿಗೆ ಒಬ್ಬರಿಗೆ ಎಷ್ಟು ಎಂಬುದು ಗೊತ್ತಿರಲಿಲ್ಲ. ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಉತ್ತರ ತಮಗೆ ಕೇಳಿಸದು ಎಂಬುದನ್ನು ಮರೆತು, ಅಥವಾ ಮರೆಯದೆಯೇ, ಖಾಲಿ ಗೂಡನ್ನು ಕೇಳಿದ್ದರು.

ಇಂದುಮತಿಯವರು ಹೂವನ್ನು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೀದಿಯ ತಿರುವಿನವರೆಗೆ ಹೋದದ್ದನ್ನು ನಾನು ಮಹಡಿಯಿಂದ ನೋಡಿದೆ. ಅಲ್ಲಿ ನಿಂತರು, ತರಕಾರಿ ಗಾಡಿಯವನ ಹತ್ತಿರ ಬೇಡದ ಕೊತ್ತಂಬರಿ ಕೊಂಡರು, ವಾಪಸು ಬಂದರು. ಈಗ ಹೋದರೆ ಅಕ್ಕ ತಾನು ಗೆದ್ದೆ ಅಂದುಕೊಳ್ಳುತ್ತಾರೆ ಎಂದರು. ಕೊನೆಗೆ ಆ ಉತ್ತರವನ್ನು ತಲುಪಿಸಲು ನಾನೇ ಹೋಗಬೇಕಾಯಿತು. ಚೆಲುವಾಂಬ ಅವರ ಒಲೆಯ ಮೇಲೆ ಪಾತ್ರೆಯ ಮುಚ್ಚಳವನ್ನು ಎತ್ತಿಕೊಂಡು ಅನ್ನ ನಿಂತಿತ್ತು. ನಾನು ಅರ್ಧ ಲೋಟವಂತೆ ಎಂದೆ. ಯಾರು ಕೇಳಿದ್ದು ಎಂದು ಅವರು ಮುಖ ತಿರುಗಿಸಿದರು, ಒಂದು ಬಟ್ಟಲು ಚಿತ್ರಾನ್ನ ಕೈಗಿಟ್ಟು ಕಳಿಸಿದರು. ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಸುಬ್ಬಿ ಹೇಳುತ್ತಿತ್ತು: ‘ಜ್ಞಾಪನೆ. ತುಂಗಾಗೆ ಅಂಚೆ ಇಲಾಖೆಯಲ್ಲಿ ಕೆಲಸ ಸಿಕ್ಕಿದೆ.’ ತುಂಗಾ ಎಂದರೆ ನಾನು.

ಹೊಸ ಮನೆಯಲ್ಲಿ ನೆಲೆಯಾದ ಮೇಲೆ ಒಂದು ಭಾನುವಾರ ಇಂದುಮತಿಯವರು ನಾಲ್ಕಾರು ಜನರನ್ನು ಊಟಕ್ಕೆ ಕರೆದರು. ನಾನು, ನನ್ನ ಗಂಡ, ಮಾದೇಶ, ಭಜನೆಯ ಗೆಳತಿಯರು. ಚೆಲುವಾಂಬ ಅವರನ್ನೂ ಕರೆದರು, ನನ್ನ ಮೂಲಕವೇ. ಆ ದಿನ ತಮಗೆ ಹೊಟ್ಟೆ ಸರಿಯಿರುವುದಿಲ್ಲ ಎಂದು ಅವರು ನಾಲ್ಕು ದಿನ ಮೊದಲೇ ಹೇಳಿ ಕಳಿಸಿದರು. ಇಂದುಮತಿಯವರು ತಾವೇ ಯೋಚಿಸಿ, ತಾವೇ ಅಳೆದು, ಗುಂಡು ಬದನೆಕಾಯಿಯ ಎಣ್ಣೆಗಾಯಿ ಮಾಡಿದ್ದರು, ಬೆಳ್ಳುಳ್ಳಿ ಹಾಕಿದ ತಿಳಿಸಾರು ಮಾಡಿದ್ದರು. ಎಲೆಯ ಮುಂದೆ ಎಲ್ಲರೂ ಕೂತದ್ದೇ ಸುಬ್ಬಿ, ‘ಜ್ಞಾಪನೆ. ಎಲೆಗೆ ಮೊದಲು ಉಪ್ಪು ಬಡಿಸಬೇಕು,’ ಎಂದಿತು. ಎಲ್ಲರೂ ನಕ್ಕರು. ಉಪ್ಪನ್ನು ನಿಜಕ್ಕೂ ಮರೆತಿದ್ದ ಇಂದುಮತಿಯವರೂ ನಕ್ಕು ಬಡಿಸಿದರು. ನನ್ನ ಗಂಡ ಎರಡನೆಯ ಸಲ ಎಣ್ಣೆಗಾಯಿ ಹಾಕಿಸಿಕೊಳ್ಳುತ್ತಿದ್ದಾಗ ಸುಬ್ಬಿ ಮತ್ತೆ ಬಾಯಿ ತೆರೆಯಿತು. ‘ಪಾದ ಉಳುಕಿ ಊದಿಕೊಂಡಿದ್ದರೆ ನಡೆದಾಡಬೇಡಿ. ತಣ್ಣೀರಿನ ಬಟ್ಟೆ ಕಟ್ಟಿ, ಕಾಲನ್ನು ಎತ್ತರದಲ್ಲಿಡಿ. ಹತ್ತಿರದವರು ಯಾರಾದರೂ ಇದ್ದರೆ ಕರೆಯಿರಿ.’

ತುತ್ತು ಎತ್ತಿದ್ದವರು ಹಾಗೇ ಕೂತರು. ಯಾರೂ ಏನೂ ಹೇಳುವ ಮೊದಲೇ ಸುಬ್ಬಿ ಮುಂದುವರಿಸಿತು: ‘ಜ್ಞಾಪನೆ. ಇಲ್ಲಿ ಏನೂ ಆಗಿಲ್ಲ. ಊಟ ಮಾಡಿ.’

ಇಂದುಮತಿಯವರು ಸೌಟು ಹಿಡಿದುಕೊಂಡೇ ಮೆಟ್ಟಿಲಿಳಿದರು. ನಾನು ಎಂಜಲು ಕೈಯಲ್ಲಿ ಹಿಂದೆ ಓಡಿದೆ. ಮೊಣಕಾಲು ನೋವೆಂದು ಇಪ್ಪತ್ತು ಮೆಟ್ಟಿಲಿಗೆ ಎರಡು ಸಲ ನಿಲ್ಲುವ ಹೆಂಗಸು ಬೀದಿಯ ತಿರುವಿನಲ್ಲೂ ನಿಲ್ಲಲಿಲ್ಲ.

ಚೆಲುವಾಂಬ ಕುರ್ಚಿಯಲ್ಲಿ ಕೂತಿದ್ದರು, ಕಾಲನ್ನು ಸೀರೆಯೊಳಗೆ ಮುಚ್ಚಿಕೊಂಡು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಉರುಳಿ ಬಿದ್ದಿತ್ತು. ಒಲೆಯ ಪಕ್ಕದಲ್ಲಿ ಕುಟ್ಟಿದ ಏಲಕ್ಕಿ, ಬೆಂದ ಕಡಲೆಬೇಳೆ, ಬೆಲ್ಲ ಎಲ್ಲ ಸಿದ್ಧವಾಗಿತ್ತು. ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಲು ಹತ್ತಿದ್ದಾರೆ. ಒಬ್ಬರು ತಿನ್ನುವ ಹಯಗ್ರೀವಕ್ಕೆ ಅಷ್ಟು ದೊಡ್ಡ ಪಾತ್ರೆ ಬೇಕಾಗುವುದಿಲ್ಲ. ನಮ್ಮ ಮಹಡಿಯ ಊಟಕ್ಕೆ ಕಳಿಸಲೆಂದೇ ಮಾಡುತ್ತಿದ್ದದ್ದು.

‘ಸುಮ್ಮನೆ ಕೇಳಿದೆ. ನೀನು ಎಷ್ಟು ಬೇಗ ಓಡಿ ಬರ್ತೀಯ ನೋಡೋಣ ಅಂತ,’ ಎಂದರು ಚೆಲುವಾಂಬ.

‘ಎದ್ದು ನಿಂತ್ಕೊಳ್ಳಿ ಅಕ್ಕ.’

‘ಯಾಕೆ ನಿಲ್ಲಬೇಕು? ನನ್ನ ಮನೆ, ನನ್ನ ಕುರ್ಚಿ.’

ಇಂದುಮತಿಯವರು ಸೌಟನ್ನು ನನ್ನ ಕೈಗೆ ಕೊಟ್ಟು, ನೆಲದ ಮೇಲೆ ಕೂತು, ಸೀರೆಯ ಅಂಚನ್ನು ಸರಿಸಿದರು. ಹಿಮ್ಮಡಿಯ ಮೇಲಿನ ಗಂಟು ನಿಂಬೆಹಣ್ಣಿನಷ್ಟು ಊದಿತ್ತು. ಅವರು ತಮ್ಮ ಸೆರಗಿನ ತುದಿಯನ್ನೇ ಹರಿದು ನೀರಿನಲ್ಲಿ ಅದ್ದಿ ಸುತ್ತಿದರು. ಚೆಲುವಾಂಬ ಮೇಲೆ ಸೂರನ್ನು ನೋಡುತ್ತಾ ಕೂತರು. ಸೂರಿಗೇ ಹೇಳಿದ ಹಾಗೆ, ‘ನಾಳೆ ಸಾಮಾನು ವಾಪಸು ತರಿಸು. ತುಂಗಾ ಹೋಗಿ ಬಾ ಅಂದರೆ ಮುಗೀತು,’ ಎಂದರು.

ನಾನು ನೆಲ ನೋಡಿದೆ. ಅದು ನ್ಯಾಯದ ಮಾತೇ ಆಗಿತ್ತು. ಕಾಲು ಊದಿಸಿಕೊಂಡ ಎಪ್ಪತ್ತರ ಹೆಂಗಸನ್ನು ಒಂಟಿ ಬಿಡುವುದು ಹೇಗೆ? ಇನ್ನು ಆ ಮಹಡಿ ಖಾಲಿ ಎಂದೇ ನಾನು ಅಂದುಕೊಂಡೆ. ಇಂದುಮತಿಯವರು ಬಟ್ಟೆಯ ಗಂಟನ್ನು ಬಿಗಿ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. ಅವರ ದನಿ ಸಣ್ಣದಾಗಿತ್ತು, ಆದರೆ ಅಲುಗಲಿಲ್ಲ.

‘ನಾಳೆ ಊಟ ತರ್ತೀನಿ ಅಕ್ಕ. ಸಾಮಾನು ಅಲ್ಲೇ ಇರಲಿ.’

ಚೆಲುವಾಂಬ ಕಟ್ಟಿದ ಕಾಲನ್ನು ಮತ್ತೆ ಸೀರೆಯೊಳಗೆ ಎಳೆದುಕೊಂಡರು. ಆಮೇಲೆ, ‘ಬೆಳ್ಳುಳ್ಳಿ ಹಾಕಬೇಡ,’ ಎಂದರು.

ಇಂದುಮತಿಯವರು ಹಾಕಿದರು. ಕಾಲು ವಾಸಿಯಾಗುವವರೆಗೆ ಎರಡು ಹೊತ್ತೂ ಡಬ್ಬಿ ಹಿಡಿದು ಹೋದರು, ರಾತ್ರಿ ಅಲ್ಲಿಯೇ ಮಲಗಿದರು, ಬೆಳಗಾದರೆ ತಮ್ಮ ಒಲೆಯ ಮುಂದೆ ಬಂದು ನಿಂತರು. ಅಡುಗೆ ಮಾತ್ರ ಆ ಮನೆಯಲ್ಲಿ ಮಾಡಲಿಲ್ಲ. ಚೆಲುವಾಂಬ ಮೊದಲ ದಿನ ಸಾರಿನ ಡಬ್ಬಿ ತೆರೆದು ಮೂಗು ಮುಚ್ಚಿಕೊಂಡರಂತೆ. ಎರಡನೆಯ ದಿನ ಔಷಧಿ ಎಂದುಕೊಂಡು ಕುಡಿಯುತ್ತೇನೆ ಎಂದರಂತೆ. ಅಲ್ಲಿಂದ ಮುಂದೆ ಡಬ್ಬಿ ತೊಳೆದಿಟ್ಟ ಹಾಗೆ ವಾಪಸು ಬರುತ್ತಿತ್ತು. ಎಣ್ಣೆಗಾಯಿ ಕೊಟ್ಟ ದಿನ ಸುಬ್ಬಿ ಮಧ್ಯಾಹ್ನವಿಡೀ ಬದನೆಕಾಯಿಯ ಗುಣಗಳನ್ನು ಹೇಳುತ್ತಾ ಕೂತಿತ್ತು. ಅದರಲ್ಲಿ ನಂಜಿನ ಮಾತೇ ಇರಲಿಲ್ಲ. ಏನೇನು ಕೇಳುತ್ತಿದ್ದಾರೆ ಎಂದು ಇಂದುಮತಿಯವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗುತ್ತಿದೆ ಎಂದು ಚೆಲುವಾಂಬ ಅವರಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ಕಾಲು ಸರಿಯಾದ ಮೇಲೆ ಒಂದು ಸಂಜೆ ಚೆಲುವಾಂಬ ಹೊಸ ಸೀರೆ ಉಟ್ಟು, ಕೊಡೆಯನ್ನು ಊರುಗೋಲು ಮಾಡಿಕೊಂಡು ನಮ್ಮ ಮನೆಗೆ ಬಂದರು. ಮೆಟ್ಟಿಲು ಹತ್ತಿಸಲು ನಾನು ಕೈ ಕೊಟ್ಟರೆ ಬೇಡವೆಂದರು. ಮೇಲೆ ಹೋಗಿ, ಅಭ್ಯಾಸಬಲದಿಂದ ನೇರವಾಗಿ ಅಡುಗೆಮನೆಯ ಕಡೆ ನಡೆದರು. ಇಂದುಮತಿಯವರು ಬಾಗಿಲಿಗೆ ಅಡ್ಡ ನಿಂತು, ‘ಕೂತ್ಕೊಳ್ಳಿ ಅಕ್ಕ, ನೀವು ನೆಂಟರು,’ ಎಂದರು. ಆ ಮಾತು ಕೇಳಿ ಚೆಲುವಾಂಬ ಅವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಬಾಗಿಲಾಚೆ ಇಣುಕಿದರು. ಇಂಗಿನ ಡಬ್ಬಿ ಎಲ್ಲಿದೆ, ಹುಣಸೆಹಣ್ಣಿನ ಭರಣಿ ಎಲ್ಲಿದೆ, ಎಲ್ಲವೂ ತಾವಿಡುತ್ತಿದ್ದ ಜಾಗ ಬಿಟ್ಟು ಬೇರೆ ಜಾಗದಲ್ಲಿತ್ತು. ಎಲ್ಲವೂ ಅಚ್ಚುಕಟ್ಟಾಗಿತ್ತು. ಹಿಂದೆ ಬಂದು ಕುರ್ಚಿಯಲ್ಲಿ ಕೂತರು.

‘ಎಲ್ಲಿ, ಅದನ್ನ ಕೊಡು,’ ಎಂದರು.

ಇಂದುಮತಿಯವರು ಸುಬ್ಬಿಯನ್ನು ತಂದು ಅವರ ತೊಡೆಯ ಮೇಲಿಟ್ಟರು. ಚೆಲುವಾಂಬ ಅದರ ತಲೆ ಸವರಿದರು. ತನ್ನ ಮನೆಯ ಗುಟ್ಟೆಲ್ಲ ಇನ್ನೊಬ್ಬರ ಮನೆಯಲ್ಲಿ ಬಿಚ್ಚುವ ಬಾಯಿ ಇಟ್ಟುಕೊಂಡರೆ ಮಾನ ಉಳಿಯುವುದಿಲ್ಲ, ಅದಕ್ಕೇ ಕಳಿಸಿಕೊಡುತ್ತಿದ್ದೇನೆ, ಬೇರೆ ಏನೂ ಅಂದುಕೊಳ್ಳಬೇಡ ಎಂದರು. ಇಂದುಮತಿಯವರು ಏನೂ ಅಂದುಕೊಳ್ಳುವುದಿಲ್ಲ ಎಂದರು. ಆಗ ಚೆಲುವಾಂಬ ಅಂಗೈಯನ್ನು ಪೂರ್ತಿ ಊರಿ, ಮದುವೆಯಾದ ಮಗಳನ್ನು ಕಳಿಸಿಕೊಡುವ ದನಿಯಲ್ಲಿ, ‘ಹೋಗಿ ಬಾ,’ ಎಂದರು.

ಕಿತ್ತಳೆ ದೀಪ ಮಿನುಗುತ್ತಾ ನಿಂತಿತು. ಇಂದುಮತಿಯವರು ಫೋನು ತೆಗೆದು, ಕನ್ನಡಕ ಏರಿಸಿ, ಹೊಸ ವೈಫೈಯ ಹೆಸರು ಒತ್ತಿ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಹೊಡೆದರು. ಅಷ್ಟುದ್ದ ಏನಿಟ್ಟಿದ್ದೀಯ ಎಂದು ಚೆಲುವಾಂಬ ಕತ್ತು ಚಾಚಿದರೆ ಫೋನನ್ನು ಎದೆಗೆ ಒತ್ತಿ ಹಿಡಿದರು. ದೀಪ ನೀಲಿಯಾಯಿತು. ‘ನಿಮ್ಮ ಮನೆಗೆ ಸೇರಿಕೊಂಡಿದ್ದೇನೆ,’ ಎಂದಿತು ಸುಬ್ಬಿ.

ಇಂದುಮತಿಯವರು ಅದನ್ನು ಎತ್ತಿ ಕಿಟಕಿಯ ಪಕ್ಕ ಇಟ್ಟರು. ಸ್ವಲ್ಪ ಹಿಂದೆ ಸರಿದು, ಸೀರೆ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡರು. ಇಷ್ಟು ದಿನ ಅವರ ಒಂದು ಮಾತಿಗೂ ಅದು ಓಗೊಟ್ಟಿರಲಿಲ್ಲವಲ್ಲ.

‘ಸುಬ್ಬಿ, ಇವತ್ತು ಮನೆಗೆ ನೆಂಟರು ಬಂದಿದ್ದಾರೆ. ಏನು ಅಡುಗೆ ಮಾಡಲಿ?’

‘ನಿಮ್ಮ ಬಳಿ ಯಾವ ತರಕಾರಿಗಳಿವೆ ಎಂದು ತಿಳಿಸಿದರೆ,’ ಎಂದು ಸುಬ್ಬಿ ಶುರುಮಾಡಿತು. ಅದು ಮಾತು ಮುಗಿಸುವ ಮೊದಲೇ ಕುರ್ಚಿಯಿಂದ ಚೆಲುವಾಂಬ, ‘ಅವರೆಬೇಳೆ ಉಪ್ಪಿಟ್ಟು ಮಾಡು, ರವೆ ಚೆನ್ನಾಗಿ ಹುರಿ,’ ಎಂದರು.

ಇಂದುಮತಿಯವರು ಒಮ್ಮೆ ಸುಬ್ಬಿಯನ್ನು ನೋಡಿದರು, ಒಮ್ಮೆ ಅವರನ್ನು ನೋಡಿದರು.

‘ಇಬ್ಬರೂ ಸ್ವಲ್ಪ ಸುಮ್ಮನಿರಿ,’ ಎಂದರು.

ಸುಬ್ಬಿಯ ದೀಪ ಆರಿತು. ಚೆಲುವಾಂಬ ಬಾಯಿ ಮುಚ್ಚಿದರು. ಇಂದುಮತಿಯವರು ಅಡುಗೆಮನೆಗೆ ಹೋಗಿ ಪರದೆ ಎಳೆದುಕೊಂಡರು. ಒಳಗಿನಿಂದ ಏನನ್ನೋ ಹೆಚ್ಚುವ ಸದ್ದು ಬಂತು. ಅದೇನಿರಬಹುದು ಎಂದು ಚೆಲುವಾಂಬ ನನ್ನನ್ನು ಕಣ್ಣಲ್ಲೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಕಾಯುವ ವಾಸನೆಗೆ ಮೂಗು ಅರಳಿಸಿ, ಊಟಕ್ಕೆ ಕಾಯುವ ಹುಡುಗಿಯ ಹಾಗೆ ಪರದೆಯನ್ನೇ ನೋಡುತ್ತಾ ಕೂತರು.